ಏರಿ ಕೆಳಗಿನ ಮನೆಗೆ ಹೋದ ಬುಟ್ಟಿ

ಒಂದೂರು ಇತ್ತಂತೆ. ಊರಿಗೊಂದು ಕೆರೆ, ಕೆರೆಗೊಂದು ಏರಿ, ಏರಿಯ ಬುಡದಿಂದ ಮಾರಮ್ಮನ ಗುಡಿಯವರೆಗೆ ಒಂದೇ ಒಂದು ಬೀದಿ. ಆ ಬೀದಿಯಲ್ಲಿ ಅಂಗಡಿ ಅನ್ನುವುದು ಇರಲಿಲ್ಲ. ಸಂತೆಗೆ ಹೋಗಬೇಕಾದರೆ ಹೊಳೆ ದಾಟಬೇಕು, ಹೊಳೆ ದಾಟಬೇಕಾದರೆ ಹರಿಗೋಲಿನವನು ನಿದ್ದೆಯಿಂದ ಏಳಬೇಕು. ಅವನು ಎದ್ದ ದಿನ ಹೊಳೆ ತುಂಬಿರುತ್ತಿತ್ತು, ಹೊಳೆ ಇಳಿದ ದಿನ ಅವನು ಮಲಗಿರುತ್ತಿದ್ದ. ಹಾಗಾಗಿ ಆ ಊರಿನವರು ಹಬ್ಬಕ್ಕೆ ಯಾರಿಗೆ ಏನು ಕೊಟ್ಟರೂ ಕೈಯಾರೆ ಮಾಡಿಯೇ ಕೊಡುತ್ತಿದ್ದರಂತೆ.

ಸಂಕ್ರಾಂತಿ ಬಂತೆಂದರೆ ಮನೆಮನೆಯ ಹೆಂಗಸರು ಎಳ್ಳು ಬೀರಲು ಹೊರಡುವರು. ಬುಟ್ಟಿಯಲ್ಲಿ ಒಂದು ಹಿಡಿ ಎಳ್ಳುಬೆಲ್ಲ, ಒಂದು ತುಂಡು ಕಬ್ಬು, ಜೊತೆಗೆ ಕೈಯಲ್ಲಿ ಮಾಡಿದ ಒಂದು ವಸ್ತು. ಒಬ್ಬರು ತೆಂಗಿನ ಚಿಪ್ಪಿನಲ್ಲಿ ಸೌಟು ಮಾಡಿದರೆ, ಇನ್ನೊಬ್ಬರು ಹಳೆ ಸೀರೆಯನ್ನು ಸುತ್ತಿ ತಲೆಯ ಮೇಲೆ ಕೊಡ ಹೊರಲು ಸಿಂಬೆ ಮಾಡುವರು. ಭತ್ತದ ತೆನೆ ಹೆಣೆದು ಬಾಗಿಲಿಗೆ ಕುಚ್ಚು ಕಟ್ಟುವವರೂ ಇದ್ದರು. ಕೊಂಡು ತಂದದ್ದನ್ನು ಕೊಡುವಂತಿಲ್ಲ. ಮನೆಗೆ ಬಂದ ಬುಟ್ಟಿಯನ್ನು ಖಾಲಿಯಾಗಿ ಹಿಂದಿರುಗಿಸುವಂತಿಲ್ಲ. ತಮ್ಮ ಕೈಕೆಲಸ ಒಂದನ್ನು ಅದರಲ್ಲಿಟ್ಟು, ಶಿವರಾತ್ರಿಯ ಒಳಗೆ, ತಾವೇ ಹೋಗಿ ಒಪ್ಪಿಸಬೇಕು. ಇದು ಆ ಊರಿನ ಕಟ್ಟು. ಒಂದು ಸಲ ಆ ದಾರಿಯಲ್ಲಿ ಹೋಗುತ್ತಿದ್ದ ರಾಜನಿಗೂ ಯಾರೋ ಅಜ್ಜಿ ಬುಟ್ಟಿ ಕೊಟ್ಟುಬಿಟ್ಟಳಂತೆ. ರಾಜ ದಂಡನ್ನೆಲ್ಲ ನಿಲ್ಲಿಸಿ, ಮರದಡಿ ಕೂತು, ಬೆವರು ಒರೆಸಿಕೊಳ್ಳುತ್ತ ಒಂದು ಕಡೆಗೋಲು ಕೆತ್ತಿಕೊಟ್ಟು ಹೋದನಂತೆ. ಅದು ಎಷ್ಟು ಸೊಟ್ಟಗಿತ್ತೆಂದರೆ ಅದರಲ್ಲಿ ಮಜ್ಜಿಗೆ ಕಡೆದವರು ಇವತ್ತಿನವರೆಗೂ ಇಲ್ಲ. ಆದರೆ ಕಟ್ಟು ಕಟ್ಟೇ.

ಆ ಊರಿನ ನಡುಬೀದಿಯಲ್ಲಿ ಬೆಟ್ಟಮ್ಮ ಅನ್ನುವ ಹೆಂಗಸು ಇದ್ದಳು. ಅವಳಿಗೊಬ್ಬ ಮಗ, ಜವರ. ಅವನಿಗೆ ಮಾತು ಕಡಿಮೆ, ಆಡುವ ನಾಲ್ಕು ಮಾತಿನಲ್ಲೂ ಮೂರನ್ನು ಹಸುವಿನ ಹತ್ತಿರ ಆಡುತ್ತಿದ್ದ. ಜವರನಿಗೆ ಆ ವರ್ಷ ದೂರದ ಊರಿಂದ ಮುದ್ದೀರಿ ಅನ್ನುವ ಹುಡುಗಿಯನ್ನು ತಂದರು. ಮುದ್ದೀರಿಗೆ ತಾಯಿತಂದೆ ಇರಲಿಲ್ಲ. ಅಣ್ಣ ಇದ್ದ, ಅತ್ತಿಗೆ ಇದ್ದಳು. ಮದುವೆಯ ಮಾರನೆಯ ದಿನ ಗಾಡಿ ಹತ್ತಿಸುವಾಗ ಅತ್ತಿಗೆ ಹೇಳಿದ್ದಳಂತೆ: "ಬಾಣಂತನ, ಹಬ್ಬ ಅಂತ ನೆಪ ತೆಗೆದು ಮತ್ತೆ ಈ ಹೊಸಿಲಿಗೆ ಬರಬೇಡ ತಾಯಿ. ನಮಗೂ ಮಕ್ಕಳಿವೆ." ಅಣ್ಣ ಎತ್ತಿನ ಕೊಂಬಿಗೆ ಎಣ್ಣೆ ಹಚ್ಚುತ್ತ ನಿಂತಿದ್ದ. ಕೇಳಿಸಿದರೂ ತಿರುಗಲಿಲ್ಲ.

ಸೊಸೆಯಾಗಿ ಬಂದವಳಿಗೆ ಮೊದಲ ಸಂಕ್ರಾಂತಿ. ಮುದ್ದೀರಿಗೆ ಈಚಲು ಗರಿಯ ಕೆಲಸ ಚೆನ್ನಾಗಿ ಬರುತ್ತಿತ್ತು. ಹಬ್ಬಕ್ಕೆ ಮುಂಚೆಯೇ ಗರಿ ತಂದು, ಸೀಳಿ, ನೆರಳಲ್ಲಿ ಒಣಗಿಸಿ, ಅಂಗೈಯಗಲದ ಬುಟ್ಟಿಗಳನ್ನು ಹೆಣೆದಳು. ಪ್ರತಿ ಬುಟ್ಟಿಯಲ್ಲಿಡಲು ಒಂದೊಂದು ಗಿಲಕಿಯನ್ನೂ ಹೆಣೆದಳು. ಒಳಗೆ ಹೊಳೆಯ ಸಣ್ಣ ಕಲ್ಲು ಹಾಕಿದ ಗಿಲಕಿ, ಅಲ್ಲಾಡಿಸಿದರೆ ಅಳುವ ಮಗು ಸುಮ್ಮನಾಗಬೇಕು. ಬೆಟ್ಟಮ್ಮ ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದಳು. ಹೊಗಳಲಿಲ್ಲ. ಕೆಳಗಿಡಲೂ ಇಲ್ಲ.

"ನೋಡು, ಊರಿನ ಒಂದು ಮನೆಯನ್ನೂ ಬಿಡಬೇಡ. ಬೆಟ್ಟಮ್ಮನ ಸೊಸೆ ನಮ್ಮ ಮನೆಗೆ ಬರಲಿಲ್ಲ ಅಂತ ಯಾರಾದರೂ ಅಂದರೆ ನನ್ನ ಮಾನ ಹೋಗುತ್ತೆ" ಅಂದಳು.

ಮುದ್ದೀರಿ ಹೊರಟಳು. ಗುಡಿಯ ಕಡೆಯಿಂದ ಶುರು ಮಾಡಿ, ಬೀದಿಯ ಎರಡೂ ಬದಿಗೆ ಕೊಡುತ್ತ, ಕೊಡುತ್ತ, ಏರಿಯ ಬುಡಕ್ಕೆ ಬಂದಳು. ಅಲ್ಲೊಂದು ಮನೆ. ಮಾಡಿನ ಹೆಂಚು ಅರ್ಧ ಜಾರಿದೆ, ಅಂಗಳದಲ್ಲಿ ಎಕ್ಕದ ಗಿಡ ಆಳೆತ್ತರ ಬೆಳೆದಿದೆ. ಆದರೆ ಬಾಗಿಲಿದೆ, ಹೊಸಿಲಿದೆ. ಹೊಸಿಲಿದ್ದ ಮೇಲೆ ಮನೆಯೇ ಅಲ್ಲವೇ ಅಂದುಕೊಂಡಳು ಮುದ್ದೀರಿ. "ಎಳ್ಳು ತಗೊಳ್ಳಿ" ಅಂತ ಕೂಗಿದಳು. ಯಾರೂ ಬರಲಿಲ್ಲ. ಹೊಲಕ್ಕೆ ಹೋಗಿರಬೇಕು, ಪಾಪ, ಹಬ್ಬದ ದಿನವೂ ಕೆಲಸ. ಕೊನೆಯ ಬುಟ್ಟಿಯನ್ನು ಹೊಸಿಲ ಮೇಲಿಟ್ಟು ಬಂದಳು.

"ಎಲ್ಲ ಮನೆಗೂ ಆಯ್ತೇನೇ?" ಅಂತ ಬೆಟ್ಟಮ್ಮ ಕೇಳಿದಳು.

"ಆಯ್ತು ಅತ್ತೆ."

"ಗುಡಿ ಹಿಂದಿನ ಅಜ್ಜಿಗೆ?"

"ಕೊಟ್ಟೆ. ಹಲ್ಲಿಲ್ಲ ಅಂತ ಕಬ್ಬನ್ನು ನನಗೇ ತಿನ್ನಿಸಿ ಕಳಿಸಿದರು."

"ಮೂಲೆಮನೆಯವರಿಗೆ?"

"ಅವರಿಗೂ ಕೊಟ್ಟೆ. ಏರಿ ಕೆಳಗಿನ ಮನೆಯಲ್ಲಿ ಮಾತ್ರ ಯಾರೂ ಇರಲಿಲ್ಲ. ಹೊಸಿಲ ಮೇಲಿಟ್ಟು ಬಂದೆ."

ಬೆಟ್ಟಮ್ಮ ಅಗಿಯುತ್ತಿದ್ದ ಎಳ್ಳು ಬಾಯಲ್ಲೇ ನಿಂತಿತು.

"ಯಾವ ಮನೆ?"

"ಎಕ್ಕದ ಗಿಡ ಇದೆಯಲ್ಲ, ಅದು."

"ಅಯ್ಯೋ ನನ್ನ ಕರ್ಮವೇ! ಅದು ದೆವ್ವದ ಮನೆ ಕಣೇ! ಆ ಮನೆಗೆ ಯಾರಾದರೂ ಎಳ್ಳು ಕೊಡ್ತಾರೇನೇ?"

"ಒಂದು ಮನೆಯನ್ನೂ ಬಿಡಬೇಡ ಅಂದವಳು ನೀನೇ ಅಲ್ವಾ ಅವ್ವ?" ಅಂದ ಜವರ.

"ನೀನು ಸುಮ್ಮನಿರು. ದಿನವೆಲ್ಲ ಬಾಯಿ ಬಿಡದವನು ಈಗ ಬಿಡ್ತಾನೆ!"

ಆಮೇಲೆ ಬೆಟ್ಟಮ್ಮ ಕೂತು ಹೇಳಿದಳು. ಅವಳ ಅಜ್ಜಿಯ ಅಜ್ಜಿಯ ಕಾಲದಲ್ಲಿ ಆ ಮನೆಗೊಬ್ಬ ಸೊಸೆ ಬಂದಿದ್ದಳಂತೆ. ಬಂದ ವರ್ಷವೇ, ಸಂಕ್ರಾಂತಿ ಇನ್ನೇನು ಬರಬೇಕು ಅನ್ನುವಾಗ, ಜ್ವರ ಬಂದು ಹೋಗಿಬಿಟ್ಟಳಂತೆ. ಆ ಮನೆಯವರು ಊರು ಬಿಟ್ಟರು, ಅವಳು ಬಿಡಲಿಲ್ಲ. ಯಾರಿಗೂ ಕೇಡು ಮಾಡಿದವಳಲ್ಲ. ಆದರೂ ಆ ಕಡೆ ಯಾರೂ ಹೋಗುವುದಿಲ್ಲ. ಹೆಸರು ಏನೋ, ಯಾರಿಗೂ ನೆನಪಿಲ್ಲ.

ದಿನ ಕಳೆದ ಹಾಗೆ ಊರಿನ ಬುಟ್ಟಿಗಳೆಲ್ಲ ಒಂದೊಂದಾಗಿ ತಿರುಗಿ ಬಂದವು. ಒಂದರಲ್ಲಿ ಸೌಟು, ಒಂದರಲ್ಲಿ ಬೀಸಣಿಗೆ, ಒಂದರಲ್ಲಿ ಬಟ್ಟೆಯ ಗೊಂಬೆ. ಒಂದೇ ಒಂದು ಬುಟ್ಟಿ ಬರಬೇಕಾಗಿತ್ತು.

ಒಂದು ಸಂಜೆ, ದೀಪ ಹಚ್ಚುವ ಹೊತ್ತು, ಹಿತ್ತಿಲ ಬಾಗಿಲಲ್ಲಿ ಬಳೆಯ ಸದ್ದಾಯಿತು. ಮುದ್ದೀರಿ ಹೋಗಿ ನೋಡಿದರೆ ತನ್ನದೇ ವಯಸ್ಸಿನ ಒಬ್ಬಳು ನಿಂತಿದ್ದಾಳೆ. ಕಾಲು ನೋಡಿದಳು. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಕೈ ನೋಡಿದಳು. ಅಂಗೈ ಹೊರಗೆ, ಹೆಬ್ಬೆರಳು ಇರಬಾರದ ಕಡೆ. ಆ ಕೈಯಲ್ಲಿ ಬುಟ್ಟಿ.

"ತಂಗೀ, ಈ ಬುಟ್ಟಿ ನಿನ್ನದೇನಮ್ಮಾ?"

ಮುದ್ದೀರಿ ಬಾಗಿಲ ಚಿಲಕ ಹಿಡಿದುಕೊಂಡೇ "ಹೂಂ" ಅಂದಳು.

"ತುಂಬ ಚೆನ್ನಾಗಿದೆ. ನನ್ನ ಬಾಗಿಲಿಗೆ ಬಂದ ಮೊದಲ ಬುಟ್ಟಿ ಇದು. ಎಳ್ಳು ತಿಂದೆ. ಕಬ್ಬು ಮಾತ್ರ ತಿಂದು ಮುಗೀತಿಲ್ಲ, ಕಡಿದಷ್ಟೂ ಉದ್ದವಾಗ್ತಿದೆ. ಅದಿರಲಿ. ಬುಟ್ಟಿ ಒಪ್ಪಿಸೋಣ ಅಂತ ಬಂದೆ. ಆದರೆ ಏನು ಹಾಕಿ ಒಪ್ಪಿಸಲಿ? ನನ್ನ ಹತ್ತಿರ ಏನೂ ಇಲ್ಲ."

"ಏನೂ ಬೇಡ ಅಕ್ಕ. ಹಾಗೇ ಇಟ್ಟು ಹೋಗು."

ಬಂದವಳ ಮುಖ ಗಂಟಾಯಿತು. "ಖಾಲಿ ಬುಟ್ಟಿ ಇಟ್ಟು ಹೋಗು ಅಂತೀಯಾ? ಸತ್ತವಳಿಗೆ ಮಾನ ಇಲ್ಲ ಅಂದುಕೊಂಡೆಯಾ?"

"ಅದೂ ಸರಿಯೇ" ಅಂತ ಒಳಗಿನಿಂದ ಒಂದು ಸ್ವರ ಬಂತು. ಒರಳಿನ ಹಿಂದೆ ಅಡಗಿ ಕೂತಿದ್ದ ಬೆಟ್ಟಮ್ಮ ಕೂಡಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಾಳೆ ಬರ್ತೀನಿ. ಏನಾದರೂ ಯೋಚನೆ ಮಾಡಿಡು" ಅಂತ ಹೇಳಿ ಅವಳು ಹೋದಳು.

ಮಾರನೆಯ ಸಂಜೆ ಬಂದಳು. ಅದರ ಮಾರನೆಯ ಸಂಜೆಯೂ ಬಂದಳು. ಬಾಗಿಲಾಚೆ ನಿಂತು ಬುಟ್ಟಿ ಹಿಡಿದುಕೊಂಡೇ ಇರುವಳು, ಒಳಗೆ ಕಾಲಿಡಳು. ಆದರೆ ಅವಳು ನಿಂತಷ್ಟು ಹೊತ್ತೂ ಒಲೆ ಹತ್ತದು, ಹಾಲು ಹೆಪ್ಪಾಗದು, ಕೆಂದಿ ಹಸು ಕೆಚ್ಚಲಿಗೆ ಕೈ ಹಾಕಗೊಡದು. ಬೆಂಕಿ ಕೇಳಿಕೊಂಡು ಬರುತ್ತಿದ್ದ ನೆರೆಯವರು ಬರುವುದನ್ನು ಬಿಟ್ಟರು. ಬೀದಿಯಲ್ಲಿ ಬೆಟ್ಟಮ್ಮ ಎದುರಾದರೆ ಹೆಂಗಸರು ಸೆರಗು ಬಿಗಿಮಾಡಿಕೊಂಡು ಆ ಬದಿಗೆ ಸರಿದರು.

ಬೆಟ್ಟಮ್ಮ ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು.

"ಕೇಳೇ. ಅವಳಿಗೆ ನಮ್ಮ ಮನೆ ಬೇಕಾಗಿಲ್ಲ. ಬುಟ್ಟಿ ಯಾರದೋ ಅವರು ಬೇಕು. ನೀನು ಎಲ್ಲಿದ್ದರೆ ಅವಳು ಅಲ್ಲಿಗೆ ಬರ್ತಾಳೆ. ಶಿವರಾತ್ರಿಯವರೆಗೆ ನೋಡ್ತೀನಿ. ಬುಟ್ಟಿ ಕಟ್ಟಿನ ಪ್ರಕಾರ ಒಳಗೆ ಬಂದರೆ ಸರಿ. ಇಲ್ಲದಿದ್ದರೆ ನೀನು ನಿನ್ನ ತವರಿಗೆ ನಡಿ."

"ತವರಲ್ಲಿ ಯಾರಿದ್ದಾರೆ ಅತ್ತೆ?"

"ಅಣ್ಣ ಇಲ್ವೇನೇ?"

"ಇದ್ದಾನೆ" ಅಂದಳು ಮುದ್ದೀರಿ.

ಆ ಸಂಜೆಯಿಂದ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಆ ಅಕ್ಕನಿಗೆ ಕೆಲಸ ಕಲಿಸಲು ತೊಡಗಿದಳು. ಮೊದಲು ಈಚಲು ಗರಿ ಕೊಟ್ಟಳು. "ಇದು ಮೇಲೆ, ಇದು ಕೆಳಗೆ, ಮತ್ತೆ ಇದು ಮೇಲೆ." ಅಕ್ಕ ತಲೆಯಾಡಿಸಿ ಹೆಣೆದಳು. ಹೆಣೆದ ಹಾಗೆಲ್ಲ ಅದು ಬಿಚ್ಚಿಕೊಂಡಿತು. ಬಿಚ್ಚಿಕೊಂಡ ಗರಿ ಒದ್ದೆಯಾಯಿತು, ಒದ್ದೆಯಾದದ್ದು ಹಸಿರಾಯಿತು, ಕೊನೆಗೆ ಕೈಯಲ್ಲಿ ಈಗಷ್ಟೇ ಮರದಿಂದ ಕಿತ್ತಂಥ ಮುಳ್ಳಿನ ಗರಿ ಉಳಿಯಿತು. ಮುದ್ದೀರಿಗೆ ಮುಳ್ಳು ಚುಚ್ಚಿತು.

"ನನ್ನ ಕಾಲು ಹೇಗಿದೆಯೋ ಕೈಯೂ ಹಾಗೇ ತಂಗಿ" ಅಂದಳು ಆ ಅಕ್ಕ. "ನಾನು ಏನು ಮಾಡಲು ಹೋದರೂ ಅದು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತೆ."

"ಸಿಂಬೆ ಸುತ್ತಿಸೇ, ಸಿಂಬೆ!" ಅಂತ ಒಳಗಿನಿಂದ ಬೆಟ್ಟಮ್ಮ ಕೂಗಿದಳು. ಈಗೀಗ ಅವಳು ಒರಳಿನ ಹಿಂದಿನಿಂದ ಕಂಬದ ಹಿಂದಕ್ಕೆ ಬಂದಿದ್ದಳು. "ಅದರಲ್ಲಿ ಏನಿದೆ, ಸುತ್ತೋದು ತಾನೆ!"

ಹಳೆ ಸೀರೆಯ ತುಂಡು ಕೊಟ್ಟರು. ಸೀರೆ ನೂಲಾಯಿತು, ನೂಲು ಹತ್ತಿಯಾಯಿತು. ಗಾಳಿ ಬಂತು, ಹತ್ತಿ ಹಾರಿಹೋಯಿತು. ಬೆಟ್ಟಮ್ಮ ಹಾರುವ ಸೀರೆಯನ್ನು ನೋಡಿ, "ಇನ್ನೂ ಒಂದು ವರ್ಷ ಉಡಬಹುದಾಗಿತ್ತು" ಅಂದಳು.

ಇನ್ನೊಂದು ಸಂಜೆ ಅಕ್ಕ ಸೆರಗಿನಲ್ಲಿ ಏನೋ ಗಂಟು ಹಾಕಿಕೊಂಡು ಬಂದಳು. ಬಿಚ್ಚಿದರೆ ಚಿನ್ನದ ಮೂಗುಬೊಟ್ಟು. ಕೆಂಪು ಹರಳು, ಸುತ್ತ ಸಣ್ಣ ಮುತ್ತು. ಕಂಬದ ಹಿಂದಿನಿಂದ ಬೆಟ್ಟಮ್ಮನ ಕುತ್ತಿಗೆ ಒಂದು ಗೇಣು ಮುಂದೆ ಬಂತು.

"ಇದನ್ನು ಹಾಕಿ ಕೊಡಲಾ?" ಅಂದಳು ಅಕ್ಕ. ಕೇಳಿದವಳು ತಾನೇ ತಲೆ ಅಲ್ಲಾಡಿಸಿದಳು. "ಬೇಡ. ಇದು ನಮ್ಮಪ್ಪ ಮಾಡಿಸಿದ್ದು. ಅಕ್ಕಸಾಲಿಯ ಕೈಕೆಲಸ, ನನ್ನದಲ್ಲ."

ಬೆಟ್ಟಮ್ಮನ ಕುತ್ತಿಗೆ ಹಿಂದಕ್ಕೆ ಹೋಯಿತು. ಅವಳಿಗೂ ಅದು ಸರಿಯೆನಿಸಿತು. ಸರಿಯೆನಿಸಿದ್ದಕ್ಕೆ ಆ ಇಡೀ ಸಂಜೆ ಸಿಟ್ಟಿನಲ್ಲಿದ್ದಳು.

ಹೀಗೆ ಮಾಡುತ್ತ, ಮಾಡುತ್ತ, ಶಿವರಾತ್ರಿ ಬಂದುಬಿಟ್ಟಿತು. ನಾಳೆ ಹಬ್ಬ ಅನ್ನುವ ದಿನ ಬೆಳಿಗ್ಗೆ ಬೆಟ್ಟಮ್ಮ ಗಳುವಿನ ಮೇಲಿದ್ದ ಮುದ್ದೀರಿಯ ಎರಡು ಸೀರೆಯನ್ನು ಇಳಿಸಿ, ಮಡಿಸಿ, ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಳು. ದಾರಿಗೆಂದು ನಾಲ್ಕು ರೊಟ್ಟಿಯನ್ನೂ ಕಟ್ಟಿದಳು. ರೊಟ್ಟಿ ಕಟ್ಟುವಾಗ ಕಣ್ಣೊರೆಸಿಕೊಂಡಳು ಅಂತಲೂ ಹೇಳುತ್ತಾರೆ, ಹೊಗೆ ಇತ್ತು ಅಂತಲೂ ಹೇಳುತ್ತಾರೆ.

ಮುದ್ದೀರಿ ಗಂಟನ್ನು ನೋಡಿದಳು. ಅಳಲಿಲ್ಲ. ಕಸಬರಿಕೆ ತೆಗೆದುಕೊಂಡು ಕೊಟ್ಟಿಗೆಗೆ ಹೋದಳು.

ಕೊಟ್ಟಿಗೆಯ ಮುಂದೆ ಜವರ ಪುಂಡಿ ನಾರು ಹರವಿಕೊಂಡು ಹಗ್ಗ ಹೊಸೆಯುತ್ತಿದ್ದ. ಕೆಂದಿ ಒದೆಯುವ ರಭಸಕ್ಕೆ ಕೊರಳ ಹಗ್ಗ ಕಿತ್ತುಹೋಗಿತ್ತು. ನಾರನ್ನು ತೊಡೆಯ ಮೇಲಿಟ್ಟು ಮುಂದಕ್ಕೆ ಉಜ್ಜಿದ. ಒಂದು ಎಳೆ ಆಯಿತು. ಇನ್ನೊಂದನ್ನೂ ಹಾಗೇ ಮುಂದಕ್ಕೆ ಉಜ್ಜಿದ. ಆಮೇಲೆ ಎರಡನ್ನೂ ಜೋಡಿಸಿ ಹಿಂದಕ್ಕೆ ಎಳೆದ. ಹುಟ್ಟಿದಾಗಿನಿಂದ ನೋಡಿದ ಕೆಲಸ. ಮುದ್ದೀರಿಯ ಕಸಬರಿಕೆ ಅಲ್ಲೇ ನಿಂತಿತು.

"ನೋಡಿ, ಅದನ್ನೇಕೆ ಹಿಂದಕ್ಕೆ ಹೊಸೀತೀರಿ?"

ಜವರ ಹಸುವಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ.

"ಎಳೆ ಮುಂದಕ್ಕೆ, ಹಗ್ಗ ಹಿಂದಕ್ಕೆ. ಎರಡನ್ನೂ ಒಂದೇ ಕಡೆ ಹೊಸೆದರೆ ಕೈ ಬಿಟ್ಟ ಕೂಡಲೇ ಬಿಚ್ಚಿಹೋಗುತ್ತೆ. ಈ ಹುರಿ ಆ ಹುರಿಯನ್ನು ಹಿಡಿದುಕೊಂಡಿರಬೇಕು."

ಅಷ್ಟು ಉದ್ದದ ಮಾತನ್ನು ಅವನು ಮದುವೆಯಾದ ಮೇಲೆ ಆಡಿದ್ದು ಅದೇ ಮೊದಲಂತೆ. ಮುದ್ದೀರಿ ಕಸಬರಿಕೆಯನ್ನು ಕೆಳಗೆ ಹಾಕಿ, ಒಂದು ತೋಳು ತುಂಬ ನಾರು ಬಾಚಿಕೊಂಡು ಓಡಿದಳು.

ಸಂಜೆ ಬಂತು. ಬಳೆಯ ಸದ್ದೂ ಬಂತು. ಮುದ್ದೀರಿ ಆಗಲೇ ಮೆಟ್ಟಿಲ ಮೇಲೆ ಕೂತು ಎರಡು ಉದ್ದನೆಯ ಎಳೆ ಹೊಸೆದಿಟ್ಟಿದ್ದಳು. ಬಿಟ್ಟರೆ ಸುರುಳಿಯಾಗುವಷ್ಟು ಹುರಿ ಹಾಕಿ, ಎರಡೂ ತುದಿಯನ್ನು ಬಿಗಿಯಾಗಿ ಹಿಡಿದಿದ್ದಳು.

"ಅಕ್ಕ, ಬಾ. ಎದುರಿಗೆ ಕೂರು. ಎರಡೂ ಎಳೆಯನ್ನು ಒಟ್ಟಿಗೆ ಹಿಡಿ."

"ಬಿಚ್ಚಿಹೋಗುತ್ತೆ ತಂಗಿ. ನಾಳೆ ಶಿವರಾತ್ರಿ. ಸುಮ್ಮನೆ ನಾರು ಹಾಳಾಗುತ್ತೆ."

"ಬಿಚ್ಚಿಹೋಗಲಿ. ನಿನ್ನ ಕೈ ಹೇಗೆ ಹೋಗುತ್ತೋ ಹಾಗೇ ಹೋಗಲಿ, ತಡೀಬೇಡ. ಈ ತುದಿ ನಾನು ಹಿಡಿದಿರ್ತೀನಿ."

ಅಕ್ಕ ಕೂತಳು. ಎಳೆಗಳನ್ನು ತೊಡೆಯ ಮೇಲಿಟ್ಟು ಕೈ ಆಡಿಸಿದಳು. ಅವಳ ಕೈ ಹೋಗುವುದೇ ಹಿಂದಕ್ಕೆ, ಅದು ಹಿಂದಕ್ಕೇ ಹೋಯಿತು. ಎಳೆಗಳು ಬಿಚ್ಚಿಕೊಳ್ಳಲು ಹೊರಟವು. ಹೊರಟವು ಒಂದನ್ನೊಂದು ಸುತ್ತಿಕೊಂಡವು. ಸುತ್ತಿಕೊಂಡವು ಬಿಗಿದುಕೊಂಡವು. ಅವಳು ಬಿಚ್ಚಿದಷ್ಟೂ ಅದು ಬಿಗಿಯಿತು. ಬಿಗಿದಷ್ಟೂ ಹಗ್ಗವಾಯಿತು.

ಅಕ್ಕ ಕೈ ನಿಲ್ಲಿಸಿದಳು. ಹಗ್ಗವನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು.

"ಇದು ಹಿಂದಕ್ಕೆ ಹೋಗ್ತಿಲ್ವಲ್ಲ?"

"ನಿಲ್ಲಿಸಬೇಡ ಅಕ್ಕ, ಹೊಸಿ."

ಹೊಸೆದರು. ಮುದ್ದೀರಿ ನಾರು ಸೇರಿಸಿ ಎಳೆ ಮಾಡಿ ಕೊಡುವಳು, ಅಕ್ಕ ಹಗ್ಗ ಮಾಡಿ ಮುಂದೆ ತಳ್ಳುವಳು. ಇಬ್ಬರೂ ಮಾತಿಗೆ ತೊಡಗಿದರು. ಮುದ್ದೀರಿ ತನ್ನ ಅತ್ತಿಗೆಯ ಕಥೆ ಹೇಳಿದಳು. ಅಕ್ಕ ತನ್ನ ನಾದಿನಿಯ ಕಥೆ ಹೇಳಿದಳು. ಆ ನಾದಿನಿ ಸತ್ತು ಯಾವ ಕಾಲವಾಗಿತ್ತೋ, ಆದರೂ ಅವಳನ್ನು ಬೈಯುವುದರಲ್ಲಿ ಏನೂ ಕಡಿಮೆಯಾಗಿರಲಿಲ್ಲ. "ಆ ವರ್ಷ ನಾನೂ ಎಳ್ಳು ಹುರಿದು ಡಬ್ಬಿಗೆ ಹಾಕಿಟ್ಟಿದ್ದೆ" ಅಂದಳು ಕೊನೆಗೆ. "ಬೀರೋಕೆ ಆಗಲಿಲ್ಲ." ಅದನ್ನು ಹೇಳುವಾಗಲೂ ಕೈ ನಿಲ್ಲಿಸಲಿಲ್ಲ.

ಹಗ್ಗ ಹಸುವಿನ ಕೊರಳಿಗೆ ಸಾಕಾಗುವಷ್ಟಾಯಿತು. ಜವರ ಬಂದು ಮಧ್ಯದಲ್ಲಿ ಹಿಡಿದು ಎಳೆದು ನೋಡಿದ. "ನಾನು ಮಾಡಿದ್ದಕ್ಕಿಂತ ಗಟ್ಟಿ" ಅಂತ ಕೆಂದಿಗೆ ಹೇಳಿ ಹೋದ. ಈಗ ತುದಿಗೆ ಗಂಟು ಹಾಕಬೇಕು. ಅಕ್ಕನ ಕೈಗೆ ಗಂಟು ನಿಲ್ಲದು, ಹಾಕಿದರೆ ಬಿಚ್ಚುತ್ತದೆ. ಮುದ್ದೀರಿ ಹಾಕೋಣವೆಂದರೆ ಎರಡೂ ಕೈಯಲ್ಲಿ ಎರಡು ತುದಿ, ಒಂದನ್ನು ಬಿಟ್ಟರೆ ಅಷ್ಟೂ ಸುರುಳಿ ಬಿಚ್ಚಿಕೊಂಡು ಮೊದಲಿನಿಂದ ಶುರು ಮಾಡಬೇಕು.

ಕಂಬದ ಹಿಂದೆ ನಿಂತಿದ್ದ ಬೆಟ್ಟಮ್ಮ ಇದನ್ನು ನೋಡಿದಳು. ಒಂದು ಗಳಿಗೆ ತಡೆದಳು, ಎರಡು ಗಳಿಗೆ ತಡೆದಳು. ಅಷ್ಟು ಒಳ್ಳೆಯ ಹಗ್ಗ ತುದಿಗೆ ಗಂಟಿಲ್ಲದೆ ಹಾಳಾಗುವುದನ್ನು ಯಾವ ಹೆಂಗಸು ನೋಡಿಕೊಂಡು ನಿಂತಾಳು?

"ಕೊಡ್ರೇ ಇತ್ಲಾಗೆ! ಇಬ್ಬರು ಸೇರಿ ಒಂದು ಗಂಟು ಹಾಕೋಕೆ ಬರಲ್ಲ!" ಅಂತ ಹೊಸಿಲು ದಾಟಿ ಬಂದು, ಇಬ್ಬರ ನಡುವೆ ಕುಕ್ಕರಗಾಲಿನಲ್ಲಿ ಕೂತು, ಹಲ್ಲಿನಿಂದ ಕಚ್ಚಿ ಎಳೆದು ಎರಡು ತುದಿಗೂ ಗಂಟು ಬಿಗಿದಳು. ಬಿಗಿದು ತಲೆ ಎತ್ತಿದಾಗಲೇ ತಾನು ಯಾರ ಪಕ್ಕದಲ್ಲಿ ಕೂತಿದ್ದೇನೆ ಅನ್ನುವುದು ನೆನಪಾಯಿತು. ಏಳಲು ಹೋದಳು. ಮೊಣಕಾಲು ಹಿಡಿದುಕೊಂಡಿತ್ತು. ಅಲ್ಲೇ ಕೂತಳು.

ಅಕ್ಕ ಹಗ್ಗವನ್ನು ಸುತ್ತಿ ಬುಟ್ಟಿಯೊಳಗಿಟ್ಟು ಮುಂದೆ ಚಾಚಿದಳು. ಮುದ್ದೀರಿ ಕೈ ಒಡ್ಡುವಷ್ಟರಲ್ಲಿ ಬೆಟ್ಟಮ್ಮ ಅಡ್ಡ ಬಂದಳು.

"ತಡಿ. ಕಟ್ಟು ಅಂದಮೇಲೆ ಕಟ್ಟು. ಎಳೆ ಹೊಸೆದವಳು ಇವಳು, ಗಂಟು ಹಾಕಿದವಳು ನಾನು. ಇದು ಯಾರ ಕೈಕೆಲಸ ಅಂತ ತಗೊಳ್ಳೋದು?"

ಅಕ್ಕನ ಕೈಯ ಬುಟ್ಟಿ ಹಿಂದಕ್ಕೆ ಸರಿಯಿತು.

ಮುದ್ದೀರಿ ಬಾಗಿಲ ಹತ್ತಿರದ ಗಂಟಿನ ಕಡೆ ನೋಡಲಿಲ್ಲ. ಅತ್ತೆಯ ಮುಖವನ್ನೇ ನೋಡಿದಳು. "ಅತ್ತೆ, ನಾನು ಬೀರಿದ ಎಳ್ಳು ಬೆಳೆದವರು ನಿಮ್ಮ ಮಗ. ಬೆಲ್ಲ ಕುಟ್ಟಿದವರು ನೀವು. ಆದರೂ ಊರೆಲ್ಲ ಮುದ್ದೀರಿಯ ಎಳ್ಳು ಅಂತಲೇ ತಗೊಂಡಿತಲ್ಲ? ಎಳೆ ಎಷ್ಟಿದ್ದರೇನು, ಅದಕ್ಕೆ ಹಸು ಕಟ್ಟೋಕೆ ಆಗುತ್ತಾ? ಹಗ್ಗ ಮಾಡಿದವಳು ಅಕ್ಕ."

ಬೆಟ್ಟಮ್ಮ ಯೋಚಿಸಿದಳು. ಯಾವ ಕಡೆಯಿಂದ ಯೋಚಿಸಿದರೂ ಅದು ಸರಿಯಾಗಿತ್ತು.

"ಹಾಗಾದರೆ ಈ ಮನೆಯ ಹಿರಿಯಳು ನಾನು, ನನ್ನ ಕೈಗೆ ಕೊಡಲಿ" ಅಂದಳು. ಅಕ್ಕ ಕೊಟ್ಟಳು. ಬುಟ್ಟಿ ಕೈ ಬದಲಾಯಿತು. ಕೂಡಲೇ ಒಳಗೆ ಒಲೆ ತಾನಾಗಿ ಭಗ್ಗನೆ ಹತ್ತಿಕೊಂಡಿತಂತೆ. ಬೆಟ್ಟಮ್ಮ ಎಳ್ಳು ತಂದ ಎಲ್ಲ ಹುಡುಗಿಯರನ್ನೂ ಕೇಳುವ ಹಾಗೆ ಇವಳನ್ನೂ ಕೇಳಿದಳು:

"ಯಾರ ಮಗಳಮ್ಮ ನೀನು?"

"ಹೊಳೆಯಾಚೆಯ ಪಟೇಲ ಲಿಂಗಯ್ಯನ ಮಗಳು. ಪುಟ್ಟನಂಜಿ ಅಂತ ಕರೀತಿದ್ದರು."

"ಮುದ್ದೀರಿ, ಪುಟ್ಟನಂಜಿಗೆ ಕುಂಕುಮ ತಾರೇ. ಹಬ್ಬದ ಬುಟ್ಟಿ ತಂದವಳನ್ನು ಹಾಗೇ ಕಳಿಸ್ತಾರೇನು?"

ಮುದ್ದೀರಿ ಅರಿಸಿನ ಕುಂಕುಮ ಕೊಟ್ಟಳು, ಮುಡಿಗೆ ಹೂವಿಟ್ಟಳು. ಪುಟ್ಟನಂಜಿ ಎದ್ದು ನಿಂತಳು. ಬಗ್ಗಿ ಬೆಟ್ಟಮ್ಮನಿಗೆ ನಮಸ್ಕಾರ ಮಾಡಿದಳು.

"ನನ್ನ ಕೆಲಸ ಮುಗೀತು. ಇನ್ನು ಈ ಊರಲ್ಲಿ ನಾನಿರಬೇಕಾದ್ದಿಲ್ಲ. ನಾನು ಹೋಗ್ತೀನಮ್ಮಾ" ಅಂದಳು.

"ಛೀ, ಬಿಡ್ತು ಅನ್ನು!" ಅಂದಳು ಬೆಟ್ಟಮ್ಮ. "ಹೆಣ್ಣುಮಕ್ಕಳು ಹೋಗ್ತೀನಿ ಅನ್ನಬಾರದು. ಹೋಗಿ ಬರ್ತೀನಿ ಅನ್ನಬೇಕು."

ಅಂದ ಮೇಲೆ ಬೆಟ್ಟಮ್ಮ ನಾಲಿಗೆ ಕಚ್ಚಿಕೊಂಡಳು. ಗೊತ್ತಿದ್ದೂ ಗೊತ್ತಿದ್ದೂ ದೆವ್ವವನ್ನು ಮತ್ತೆ ಬಾ ಅಂದಂತಾಯಿತಲ್ಲ! ಆದರೆ ಆಡಿ ಆಗಿತ್ತು. ಪುಟ್ಟನಂಜಿ ನಕ್ಕಳು. ಮುದ್ದೀರಿ ಅವಳು ನಕ್ಕದ್ದನ್ನು ಕಂಡದ್ದು ಅದೊಂದೇ ಸಲ.

"ಹಾಗೇ ಆಗಲಿ. ಹೋಗಿ ಬರ್ತೀನಿ" ಅಂದಳು. ಹಿತ್ತಿಲಿನ ಬೇಲಿ ದಾಟಿ, ಏರಿ ಹತ್ತಿ, ಹೊಳೆಯ ದಾರಿ ಹಿಡಿದಳು. ಏರಿ ಕೆಳಗಿನ ಮನೆಯ ಕಡೆ ತಿರುಗಲಿಲ್ಲ.

ಬೆಟ್ಟಮ್ಮ ಒಳಗೆ ಬಂದಳು. ಬಾಗಿಲ ಹತ್ತಿರದ ಗಂಟನ್ನು ಕಾಲಲ್ಲಿ ಸರಿಸಿದಳು. "ಇದನ್ನು ಯಾರು ಇಲ್ಲಿಟ್ಟಿದ್ದು? ದಾರಿಗಡ್ಡ. ಬಿಚ್ಚಿ ಗಳುವಿಗೆ ಹಾಕು. ಆ ರೊಟ್ಟಿ ಈಗಲೇ ತಿಂದುಬಿಡಿ, ನಾಳೆ ಉಪವಾಸ." ಅಷ್ಟೇ ಹೇಳಿದಳು. ಮುದ್ದೀರಿ ಗಂಟು ಬಿಚ್ಚಿ ಸೀರೆಯನ್ನು ಗಳುವಿಗೆ ಹಾಕಿದಳು. ಜವರ ಹೊಸ ಹಗ್ಗವನ್ನು ಕೆಂದಿಯ ಕೊರಳಿಗೆ ಕಟ್ಟಿದ. ಕೆಂದಿ ನಿಂತು ಹಾಲು ಕೊಟ್ಟಿತು. ಆ ಹಸು ಸತ್ತು, ಅದರ ಕರು ಮುದಿಯಾಗಿ, ಕರುವಿನ ಕರು ಬೆಳೆದರೂ ಆ ಹಗ್ಗದ ಒಂದು ಎಳೆಯೂ ಸಡಿಲವಾಗಲಿಲ್ಲವಂತೆ.

ವರ್ಷ ತಿರುಗಿತು. ಮತ್ತೆ ಸಂಕ್ರಾಂತಿ ಬಂತು. ಮುದ್ದೀರಿ ಬುಟ್ಟಿಗಳನ್ನು ತುಂಬಿ ಸಾಲಾಗಿ ಜೋಡಿಸಿದಳು. ಬೆಟ್ಟಮ್ಮ ಬಂದು ನೋಡಿ, "ಒಂದು ಕಡಿಮೆ ಇದೆ" ಅಂದಳು.

"ಊರಿಗೆಲ್ಲ ಸರಿಯಾಗಿದೆ ಅತ್ತೆ. ಏರಿ ಕೆಳಗಿನ ಮನೆಯಲ್ಲಿ ಈಗ ಯಾರೂ ಇಲ್ಲವಲ್ಲ?"

"ಬರ್ತೀನಿ ಅಂದು ಹೋಗಿದ್ದಾಳೆ ತಾನೆ? ಅವಳು ಬಂದ ದಿನ ಹೊಸಿಲ ಮೇಲೆ ಎಳ್ಳಿಲ್ಲ ಅಂದರೆ ಊರಿನ ಮಾನ ಏನಾಗಬೇಕು?" ಅಂತ ಹೇಳಿ ಬೆಟ್ಟಮ್ಮ ತಾನೇ ಒಂದು ಬುಟ್ಟಿ ತುಂಬಿದಳು. ಸೆರಗು ಸಿಕ್ಕಿಸಿಕೊಂಡು, ಮೊಣಕಾಲು ಹಿಡಿದುಕೊಂಡು, ತಾನೇ ಏರಿ ಕೆಳಗಿನವರೆಗೆ ನಡೆದಳು. ಹೊಸಿಲ ಮೇಲಿನ ಕಸ ಗುಡಿಸಿ, ಬುಟ್ಟಿ ಇಟ್ಟು, "ಪುಟ್ಟನಂಜೀ, ಎಳ್ಳು ತಗೊಳ್ಳಮ್ಮ" ಅಂತ ಕೂಗಿ ಬಂದಳಂತೆ.

ಎಳ್ಳು ಆ ಊರಿನವರು ತಿಂದರು, ಕಥೆ ನಮ್ಮ ಪಾಲಿಗೆ ಬಂತು. ನನಗೆ ಬಂದದ್ದನ್ನು ನಿಮ್ಮ ಮಡಿಲಿಗೆ ಹಾಕಿದ್ದೇನೆ.